ಕಾರ್ಬನ್ ಪ್ರತಿ

ನಮ್ಮ ದೇಶ ಎಷ್ಟು ಚಿಕ್ಕದೆಂದರೆ
ಬೆಂಡರ್ನ್ ಗುಡ್ಡದ ಮೇಲೆ ಯಾರೋ ಸೀನಿದರೆ
ರೈನ್ ನದಿಯ ಆಚೆ ದಡದಿಂದ, ಅಂದರೆ ಪರದೇಶದಿಂದ,
ನೂರ್ಕಾಲ ಬಾಳು ಅಂತ ಕೇಳಿಸುತ್ತದೆ.
ಇಷ್ಟು ಚಿಕ್ಕ ದೇಶಕ್ಕೆ ಎಷ್ಟೊಂದು ಪ್ರಶ್ನೆ!
ಬೇಟೆಯ ಹಕ್ಕು ಯಾರದು,
ಮುದುಕರಿಗೆ ಪಿಂಚಣಿ ಬೇಕೆ,
ತೆರಿಗೆ ಇಷ್ಟಾದರೆ ಸಾಕೆ,
ಎಲ್ಲಕ್ಕೂ ಒಂದು ಭಾನುವಾರ, ಒಂದು ಪೆಟ್ಟಿಗೆ,
ಬಲಿಪೂಜೆ ಮುಗಿಸಿ ಬಂದ ಗಂಡಸರ ಸಾಲು.

ನಾನು ಫಿಲೋಮಿನಾ ಓಹ್ರಿ, ಪಂಚಾಯಿತಿ ಕಚೇರಿಯ ಟೈಪಿಸ್ಟು.
ಇಪ್ಪತ್ತಾರು ವರ್ಷ ಎರಡೇ ಕಾಲಮ್ಮು: ಬೇಕು, ಬೇಡ.
ಎಣಿಸುವವರು ಕೂಗುತ್ತಿದ್ದರು, ನಾನು ಕುಟ್ಟುತ್ತಿದ್ದೆ.
ಮೂಲಪ್ರತಿ ವಾಡುಟ್ಸಿಗೆ, ನೀಲಿ ಪ್ರತಿ ನಮ್ಮ ಕಪಾಟಿಗೆ.
ಒಂದು ಸೊನ್ನೆ ಹೆಚ್ಚು ಬಿದ್ದಿದ್ದರೆ
ಕಾನೂನೇ ಬೇರೆಯಾಗುತ್ತಿತ್ತೇನೋ.
ಆ ಅಂಕಿಗಳೊಳಗೆ ನಾನೊಬ್ಬಳು ಮಾತ್ರ ಇರಲಿಲ್ಲ.
ಅಲ್ಲ, ತಪ್ಪು, ನಾನೊಬ್ಬಳೇ ಅಲ್ಲ:
ನನ್ನಮ್ಮ, ಸೂಲಗಿತ್ತಿ ಕ್ರೆಸೆಂಜ್, ಬೇಕರಿಯ ವಾಲ್‌ಬುರ್ಗಾ,
ಆ ಸಾಲಿನವರನ್ನೆಲ್ಲ ಹೆತ್ತವರು ಯಾರೂ ಇರಲಿಲ್ಲ.

ಅರವತ್ತೆಂಟರಲ್ಲಿ ಒಮ್ಮೆ ನಮ್ಮನ್ನೂ ಕೇಳಿದರು.
ಮತವಲ್ಲ, ಬರೀ ಅಭಿಪ್ರಾಯ,
ಲಗ್ನ ಗೊತ್ತಾದ ಮೇಲೆ ಹುಡುಗಿಯನ್ನು ಕೇಳಿದ ಹಾಗೆ.
ಹೆಂಗಸರಿಗೆ ಮತದ ಹಕ್ಕು ಬೇಕೆ?
ಈಗ ಹೇಳುತ್ತೇನೆ, ಇದುವರೆಗೆ ಹೇಳಿಲ್ಲ:
ನಾನು ಬೇಡ ಎಂದೆ.
ಅತ್ತೆ ಪಕ್ಕದಲ್ಲಿದ್ದರು ಅನ್ನಬಹುದು. ಇರಲಿಲ್ಲ.
ಒಲೆಯ ಮೇಲೆ ಮೆಕ್ಕೆಜೋಳದ ರವೆ, ತಳ ಹತ್ತುವ ಅವಸರ ಅನ್ನಬಹುದು.
ರಾಜಕೀಯವೆಂದರೆ ಹೆಂಡದಂಗಡಿಯ ಹೊಗೆ ಅಂದುಕೊಂಡಿದ್ದೆ,
ಗಂಡನ ಕೋಟನ್ನು ಗಾಳಿಗೆ ಹರವಿ ಹರವಿ ಸಾಕಾಗಿತ್ತು.
ಪೂರ್ತಿ ನಿಜ ಅದೂ ಅಲ್ಲ.
ಮಾರನೆಯ ದಿನ ಕುಟ್ಟುವಾಗ
ಬೇಡದ ಕಾಲಮ್ಮಿನಲ್ಲಿ ನಾನಿದ್ದೆ.
ನನ್ನ ಬೆರಳಡಿಯ ಅಂಕಿಯಲ್ಲಿ, ಮೊದಲ ಸಲ, ನಾನು.

ಆಮೇಲೆ ಎರಡು ಫೆಬ್ರವರಿ.
ಎಪ್ಪತ್ತೊಂದರಲ್ಲಿ ನದಿಯಾಚೆಯ ಸ್ವಿಸ್ ಹೆಂಗಸರಿಗೆ ಸಿಕ್ಕಿತು,
ಅದೇ ತಿಂಗಳು ನಮಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.
ಎಪ್ಪತ್ತಮೂರರಲ್ಲಿ ಕೈಗೂ ಬರಲಿಲ್ಲ.
ಮಗಳು ವೆರೆನಾ ಮೂರು ದಿನ ಅಪ್ಪನಿಗೆ ಕಾಫಿ ಕೊಡಲಿಲ್ಲ.
ಗೆಬ್‌ಹಾರ್ಡ್ ಏನೆಂದು ಹಾಕಿದನೋ, ನಾನು ಕೇಳಲಿಲ್ಲ,
ಅವನೂ ನನ್ನನ್ನು ಕೇಳಿರಲಿಲ್ಲ.
ಒಂದೇ ಹಾಸಿಗೆಯಲ್ಲಿ ಅಂಟಿಸಿಟ್ಟ ಎರಡು ಲಕೋಟೆ.

ಎಂಬತ್ತನಾಲ್ಕು, ಜುಲೈ ಒಂದು.
ದೇಶವೆಲ್ಲ ಸೇರಿ ನೂರ ಹತ್ತೊಂಬತ್ತು ಗಂಡಸರು ಹೆಚ್ಚಿಗೆ ಬೇಕು ಅಂದಿದ್ದರು.
ಒಂದು ಮದುವೆಯೂಟಕ್ಕೆ ಸಾಲದ ಜನ.
ಗುಮಾಸ್ತ ಎಗೋನ್ ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ.
ನನ್ನ ಬೆರಳು ತಪ್ಪಿತು.
ಹಾಳೆ ಬದಲಿಸಿದೆ.

ಮುಂದೊಂದು ಭಾನುವಾರ ನನ್ನ ಸರದಿ.
ವಿಷಯ ಏನಿತ್ತೋ ನೆನಪಿಲ್ಲ,
ಯಾವುದೋ ಕಟ್ಟಡ, ಯಾವುದೋ ಖರ್ಚು.
ಗೆಬ್‌ಹಾರ್ಡ್ ನಾಯಿಯ ಹಗ್ಗ ಹಿಡಿದು ಹೊರಗೆ ನಿಂತ,
ಇಷ್ಟು ವರ್ಷ ನಾನು ಕಾದು ನಿಂತ ಅದೇ ಲಿಂಡನ್ ಮರದ ಕೆಳಗೆ,
ಇನ್ನೊಂದು ಕೈ ಎಲ್ಲಿಡಬೇಕೆಂದು ತಿಳಿಯದೆ.
ಮರೆಯೊಳಗೆ ಪೆನ್ಸಿಲು ದಾರಕ್ಕೆ ಕಟ್ಟಿತ್ತು,
ಯಾರೋ ತುದಿ ಕಚ್ಚಿದ್ದರು.
ಬೇಡ, ಅಂದೆ.
ಕಟ್ಟಡದ ಮೇಲೆ ಸಿಟ್ಟಿರಲಿಲ್ಲ.
ಅದೇ ಎರಡಕ್ಷರ. ಆದರೆ ಈ ಸಲ
ಕೆಳಗೆ ನೀಲಿ ಹಾಳೆ ಇರಲಿಲ್ಲ.

ಹೊರಗೆ ಬಂದೆ. ನಾಯಿ ಬಾಲ ಆಡಿಸಿತು.
ಇಷ್ಟು ವರ್ಷದಲ್ಲಿ ಮೊದಲ ಸಲ
ಏನೆಂದು ಹಾಕಿದೆ ಅಂತ ಕೇಳಲು ಅವನು ಬಾಯಿ ತೆರೆದ.
ಹಗ್ಗ ಇಸಿದುಕೊಂಡೆ.
ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ,
ಒಳಗೆ ಹೋಗು, ಅಂದೆ.